ಹುತ್ತರಿ ಆದ ಮೇಲಿನ ಭಾನುವಾರ 35 ಜನಕ್ಕೆ ಅಡುಗೆ: ಯಾವುದು ಮೊದಲೇ, ಯಾವುದು ಅವತ್ತೇ

ಅಕ್ಕ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ಸಮಾಧಾನವಾಗಿ ಬರೆಯೋಣ ಅಂತ ಈಗ ಕೂತೆ. ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಆದ ಮೇಲಿನ ಭಾನುವಾರ ಬೆಂಗಳೂರು, ಮೈಸೂರಿನ ನೆಂಟರು, ಮಕ್ಕಳ ಸ್ನೇಹಿತರು ಎಲ್ಲ ಸೇರಿ 35 ಜನ ಬರುತ್ತಾರೆ, ಹೊರಗಿನಿಂದ ತರಿಸಲು ಮನಸ್ಸಿಲ್ಲ, ಒಲೆ ಮುಂದೆ ನಿಲ್ಲುವವರು ನೀವು ಮತ್ತು ನಿಮ್ಮ ಅತ್ತೆ ಇಬ್ಬರೇ ಅಂದಿದ್ದೀರಿ. ನೀವು ಹಾಕಿರುವ ಪಟ್ಟಿಯಲ್ಲಿ 14 ಬಗೆ ಇದೆ. ಕೆಳಗೆ ಉತ್ತರ ಕೊಟ್ಟವರು ಇನ್ನೂ ನಾಲ್ಕು ಸೇರಿಸಿದ್ದಾರೆ. ದಯವಿಟ್ಟು ಸೇರಿಸಬೇಡಿ, ಕಡಿಮೆ ಮಾಡಿ.

ನಮ್ಮದು ಕೊಡಗಿನ ನಾಪೋಕ್ಲು ಕಡೆ. ಪ್ರತಿ ವರ್ಷ ಹುತ್ತರಿ ಆದ ಮೇಲೆ ನಮ್ಮ ಮನೆಯಲ್ಲೂ ಹೀಗೇ ಜನ ಸೇರುತ್ತಾರೆ. ಹಬ್ಬದ ದಿನದ್ದು ಬೇರೆ ವಿಷಯ, ಕದಿರು (ಭತ್ತದ ತೆನೆ) ತೆಗೆಯುವುದು, ಹೊಸ ಅಕ್ಕಿ ಪಾಯಸ, ಅದೆಲ್ಲ ಅವರವರ ಮನೆಯ ಕ್ರಮದಂತೆ ನಡೆಯುತ್ತದೆ. ನಾನು ಹೇಳುವುದು ಆಮೇಲಿನ ಈ ಊಟಕ್ಕೆ ಮಾತ್ರ. ಇದರಲ್ಲಿ ನೋಡಬೇಕಾದದ್ದು ಒಂದೇ. ಯಾವುದು ಇಟ್ಟರೆ ರುಚಿ ಹೆಚ್ಚುತ್ತದೆ, ಯಾವುದು ಇಟ್ಟರೆ ಕೆಡುತ್ತದೆ. ಇಷ್ಟು ವಿಂಗಡಿಸಿಕೊಂಡರೆ ಇಬ್ಬರೇ ಆರಾಮವಾಗಿ ಮಾಡಬಹುದು.

ನನ್ನ ಪ್ರಕಾರ ಇಷ್ಟು ಸಾಕು: ಕಡಂಬುಟ್ಟು (ಅಕ್ಕಿ ತರಿಯ ಹಬೆ ಉಂಡೆ), ಪಂದಿ (ಹಂದಿ) ಕರಿ, ಪಂದಿ ತಿನ್ನದವರಿಗೆ ಒಂದು ಕೋಳಿ, ತರಕಾರಿ ಎರಡು, ತಂಬಿಟ್ಟು, ಹುತ್ತರಿ ಗೆಣಸು, ಮಕ್ಕಳಿಗೆ ಚಾಕೊಲೇಟ್ ಮತ್ತು ನೇಂದ್ರ ಚಿಪ್ಸ್. ನೂಪುಟ್ಟು (ಅಕ್ಕಿ ಶಾವಿಗೆ) ಬಿಟ್ಟುಬಿಡಿ. ಹಿಟ್ಟು ಬಿಸಿ ಇರುವಾಗಲೇ ಒತ್ತಬೇಕು, ಶಾವಿಗೆ ಒರಳು ಒತ್ತಲು ಗಟ್ಟಿ ಕೈ ಬೇಕು, 35 ಜನಕ್ಕೆ ಒತ್ತಿ ಮುಗಿಸುವಷ್ಟರಲ್ಲಿ ನಿಮ್ಮ ಅತ್ತೆಯವರ ಭುಜ ಬಿದ್ದುಹೋಗುತ್ತದೆ. ಅದನ್ನು ಹತ್ತು ಜನ ಇರುವ ದಿನ ಮಾಡಿ.

ಈಗ ಕಡಂಬುಟ್ಟು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ನೀವು "ಹೋದ ಸಲ ಅಂಟಂಟಾಯಿತು" ಅಂತ ಬರೆದಿದ್ದೀರಿ. ಕಾರಣ ಬಹುಶಃ ಅಕ್ಕಿ. ಹುತ್ತರಿ ಸಮಯ, ಹೊಸ ಅಕ್ಕಿ ಮನೆಗೆ ಬಂದಿರುತ್ತದೆ, ಎಲ್ಲದಕ್ಕೂ ಅದನ್ನೇ ಹಾಕೋಣ ಅಂತ ಆಸೆಯಾಗುತ್ತದೆ. ಪಾಯಸಕ್ಕೆ ಹೊಸ ಅಕ್ಕಿ ಬಲು ಚೆನ್ನ, ಕಡಂಬುಟ್ಟಿಗೆ ಬೇಡ. ಹೊಸ ಅಕ್ಕಿ ನೀರು ಕಡಿಮೆ ಕುಡಿಯುತ್ತದೆ, ಬೆಂದರೆ ಅಂಟು ಬಿಡುತ್ತದೆ. ಹೋದ ವರ್ಷದ ಹಳೆ ಬೆಳ್ತಿಗೆ ಅಕ್ಕಿ ತೆಗೆದುಕೊಳ್ಳಿ. ಒಂದು ವಾರ ಮೊದಲೇ ತೊಳೆದು, ಬಟ್ಟೆ ಮೇಲೆ ನೆರಳಲ್ಲಿ ಹರಡಿ, ಚೆನ್ನಾಗಿ ಆರಿದ ಮೇಲೆ ತರಿ ಮಾಡಿಸಿ. ಆಮೇಲೆ ಜರಡಿ ಹಿಡಿಯಲೇಬೇಕು. ಕೆಳಗೆ ಬೀಳುವ ಹಿಟ್ಟು ತರಿಯಲ್ಲೇ ಉಳಿದರೂ ಅಂಟಾಗುತ್ತದೆ. ಆ ಹಿಟ್ಟು ವ್ಯರ್ಥವಲ್ಲ, ಮರುದಿನ ಅಕ್ಕಿ ರೊಟ್ಟಿಗೆ ಆಯಿತು. ಅಂಗಡಿಯ ಇಡ್ಲಿ ರವೆ ತಂದು ಮಾಡಬಹುದಾ ಅಂತ ಮೇಲೆ ಒಬ್ಬರು ಕೇಳಿದ್ದಾರೆ. ಅದು ಸಾಮಾನ್ಯವಾಗಿ ಕುಸುಬಲಕ್ಕಿಯದು (ಭತ್ತ ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ), ಉಂಡೆ ಆಗುತ್ತದೆ, ಆದರೆ ಆ ಮೃದು ಬರುವುದಿಲ್ಲ.

ಅಳತೆ: ತರಿ ಒಂದು ಲೋಟ, ನೀರು ಎರಡು ಲೋಟ, ಉಪ್ಪು. ಅಕ್ಕಿ ತುಂಬಾ ಹಳೆಯದಾದರೆ ಕಾಲು ಲೋಟ ನೀರು ಜಾಸ್ತಿ. ನೀರು ಮಳ್ಳಿ ಕುದಿಯುವಾಗ ಒಂದು ಕೈಯಲ್ಲಿ ತರಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ಮರದ ಸೌಟಿನಿಂದ ತಿರುವುತ್ತಾ ಇರಬೇಕು, ಇಲ್ಲದಿದ್ದರೆ ಗಂಟು. ನೀರು ಹೀರಿದ ಕೂಡಲೇ ಉರಿ ಸಣ್ಣ ಮಾಡಿ, ಮುಚ್ಚಿ, ಐದಾರು ನಿಮಿಷ ಬಿಡಿ. ಅಗಲ ತಟ್ಟೆಗೆ ಹಾಕಿ, ಕೈ ತಡೆಯುವಷ್ಟು ಬಿಸಿ ಇರುವಾಗಲೇ ನಾದಿ. ಆರಿದ ಮೇಲೆ ನಾದಿದರೆ ಉಂಡೆ ಬಿರುಕು ಬಿಡುತ್ತದೆ. ಅಂಗೈಗೆ ನೀರು ಸವರಿಕೊಂಡು, ನಿಂಬೆಹಣ್ಣಿನ ಗಾತ್ರ ಹಿಡಿದು, ಮೊದಲು ಸ್ವಲ್ಪ ಒತ್ತಿ ಆಮೇಲೆ ಹಗುರವಾಗಿ ಉರುಳಿಸಿ. ಸರಿಯಾದ ಉಂಡೆಯ ಮೈ ನುಣುಪಾಗಿ, ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ನಿಲ್ಲುತ್ತದೆ, ಬೆರಳಿಗೆ ಮೆತ್ತಿಕೊಳ್ಳುವುದಿಲ್ಲ. ಹಬೆಯಲ್ಲಿ 20ರಿಂದ 25 ನಿಮಿಷ. ಪಾತ್ರೆಯ ಮುಚ್ಚಳಕ್ಕೆ ತೆಳು ಬಟ್ಟೆ ಕಟ್ಟಿ, ಹಬೆ ನೀರು ಉಂಡೆ ಮೇಲೆ ತೊಟ್ಟಿಕ್ಕಬಾರದು.

ನಮ್ಮ ಮನೆಯಲ್ಲಿ ಒಂದು ಕಿಲೋ ತರಿಗೆ 75-80 ಉಂಡೆ ಬರುತ್ತದೆ. ನಿಮಗೆ ಎರಡು ಕಿಲೋ ಬೇಕು. ಒಟ್ಟಿಗೆ ಎರಡೂ ಕಿಲೋ ಬೇಯಿಸಲು ಹೋಗಬೇಡಿ, ತಿರುವಲು ಆಗುವುದಿಲ್ಲ, ಅಡಿ ಹಿಡಿಯುತ್ತದೆ. ಅರ್ಧ ಅರ್ಧ ಕಿಲೋ ನಾಲ್ಕು ಸಲ ಮಾಡಿ. ಉಂಡೆ ಕಟ್ಟಲು ಬೇಗ ಬಂದ ನೆಂಟರನ್ನು ಕೂರಿಸಿ. ಮಕ್ಕಳಿಗೂ ಕೊಡಿ, ಆಕಾರ ಹೇಗೇ ಇರಲಿ, ತಾವು ಕಟ್ಟಿದ ಉಂಡೆಯನ್ನು ಅವರು ಹುಡುಕಿ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ದೊಡ್ಡವರು, ಚಿಕ್ಕವರು ಎಲ್ಲ ಒಂದೇ ಕಡೆ ಕೂತು ಮಾತಾಡುವುದು ಆ ಒಂದು ಗಂಟೆಯಲ್ಲೇ. ನನಗೆ ಊಟಕ್ಕಿಂತ ಅದೇ ಇಷ್ಟ.

ಪಂದಿ ಕರಿಯನ್ನು ಶನಿವಾರ ಸಂಜೆಯೇ ಮಾಡಿ ಮುಗಿಸಿ. ರಾತ್ರಿ ಕಳೆದರೆ ಹುಳಿ, ಖಾರ ಒಳಗೆ ಇಳಿದು ಇನ್ನೂ ಚೆನ್ನಾಗುತ್ತದೆ. 35 ಜನರಲ್ಲಿ ಕೆಲವರು ತಿನ್ನುವುದಿಲ್ಲ ಅಂದಿದ್ದೀರಿ, ಹಾಗಾಗಿ ಏಳು ಕಿಲೋ ಸಾಕು. ಚರ್ಮ, ಕೊಬ್ಬು ಇರುವ ತುಂಡೇ ಇರಲಿ, ಬರೀ ಮಾಂಸ ಕೇಳಿ ತರಬೇಡಿ, ಒಣಕಲಾಗುತ್ತದೆ. ಕಿಲೋಗೆ ಸುಮಾರು 200 ಗ್ರಾಂ ಸಣ್ಣ ಈರುಳ್ಳಿ, 12 ಎಸಳು ಬೆಳ್ಳುಳ್ಳಿ, ಎರಡು ಇಂಚು ಶುಂಠಿ, ನಾಲ್ಕೈದು ಹಸಿಮೆಣಸು, ಇವನ್ನು ತರಿತರಿಯಾಗಿ ಜಜ್ಜಿ. ಮೊದಲು ಅರಿಶಿನ, ಉಪ್ಪು, ಖಾರದ ಪುಡಿ ಹಚ್ಚಿ ಒಂದು ಗಂಟೆ ಬಿಡಿ. ಆಮೇಲೆ ಜಜ್ಜಿದ್ದನ್ನು ಸೇರಿಸಿ ಮುಚ್ಚಿ ಬೇಯಿಸಿ. ಮಾಂಸವೇ ನೀರು ಬಿಡುತ್ತದೆ, ಶುರುವಿನಲ್ಲೇ ಚೊಂಬುಗಟ್ಟಲೆ ನೀರು ಸುರಿಯಬೇಡಿ.

ಕಪ್ಪು ಬಣ್ಣ ಬರುವುದು ಹುರಿದ ಮಸಾಲೆ ಮತ್ತು ಕಾಚಂಪುಳಿ (ಹಣ್ಣಿನ ರಸ ಇಂಗಿಸಿ ಮಾಡಿದ ಕಪ್ಪು ಹುಳಿ), ಇವೆರಡರಿಂದ. ಕೊತ್ತಂಬರಿ ಬೀಜ, ಜೀರಿಗೆ, ಕರಿಮೆಣಸು, ಸಾಸಿವೆ, ಚೂರೇ ಚೂರು ಮೆಂತ್ಯ, ಇವನ್ನು ಬೇರೆ ಬೇರೆಯಾಗಿ ಎಣ್ಣೆ ಇಲ್ಲದೆ ಹುರಿಯಿರಿ. ಎಲ್ಲ ಒಟ್ಟಿಗೆ ಹಾಕಿದರೆ ಕೊತ್ತಂಬರಿ ಬಣ್ಣ ತಿರುಗುವ ಮೊದಲೇ ಜೀರಿಗೆ ಸೀದುಹೋಗುತ್ತದೆ. ಕೊತ್ತಂಬರಿ ಕಾಫಿ ಬೀಜದ ಬಣ್ಣಕ್ಕೆ ಬರಬೇಕು, ಹೊಗೆ ಏಳಲು ಶುರುವಾದ ಕೂಡಲೇ ಬಾಣಲೆಯಿಂದ ಬೇರೆ ತಟ್ಟೆಗೆ ಸುರಿಯಿರಿ, ಬಿಸಿ ಬಾಣಲೆಯಲ್ಲಿ ಬಿಟ್ಟರೆ ಕಹಿ. ಈ ಪುಡಿ ಮೂರು ದಿನ ಮೊದಲೇ ಮಾಡಿ ಡಬ್ಬದಲ್ಲಿಡಬಹುದು. ಮಾಂಸ ಮುಕ್ಕಾಲು ಬೆಂದ ಮೇಲೆ ಹಾಕಿ.

ಕಾಚಂಪುಳಿ ಕೊನೆಗೆ. ಕಿಲೋಗೆ ಒಂದು ದೊಡ್ಡ ಚಮಚ ಹಾಕಿ, ಹತ್ತು ನಿಮಿಷ ಕುದಿಸಿ, ರುಚಿ ನೋಡಿ, ಬೇಕಾದರೆ ಇನ್ನರ್ಧ. ಏಳು ಕಿಲೋಗೆ ಉಪ್ಪು, ಹುಳಿ, ಖಾರ ಯಾವುದನ್ನೂ ಲೆಕ್ಕ ಹಾಕಿ ಏಳು ಪಟ್ಟು ಒಮ್ಮೆಲೇ ಸುರಿಯಬೇಡಿ, ಐದು ಪಟ್ಟು ಹಾಕಿ ಆಮೇಲೆ ನೋಡಿ ಸರಿಮಾಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದರ ಜೊತೆ ಸೇರುತ್ತದೆ. ಮಣ್ಣಿನ ಚಟ್ಟಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ದಪ್ಪ ತಳದ ಸ್ಟೀಲ್.

ಕಾಚಂಪುಳಿ ಎಲ್ಲಿಂದ ತರುತ್ತೀರಿ ನೋಡಿಕೊಳ್ಳಿ. ಎರಡು ವರ್ಷದ ಹಿಂದೆ ಮನೆಯದು ಮುಗಿದಿತ್ತು ಅಂತ ರಸ್ತೆ ಬದಿಯ ಅಂಗಡಿಯೊಂದರಲ್ಲಿ ಬಾಟಲಿ ತಂದೆ. ಬಣ್ಣ ಕಪ್ಪಗಿತ್ತು, ಆದರೆ ಚಮಚ ಅದ್ದಿ ಎತ್ತಿದರೆ ಕಾಫಿ ನೀರಿನ ಹಾಗೆ ಹರಿದುಹೋಯಿತು. ಎಷ್ಟು ಹಾಕಿದರೂ ಹುಳಿ ನಾಲಿಗೆಗೆ ಚುಚ್ಚಿತೇ ಹೊರತು ಆ ಘಮ ಬರಲಿಲ್ಲ. ಐದು ಕಿಲೋ ಮಾಂಸದ ರುಚಿ ಹೋಯಿತು, ಬಂದವರು ಏನೂ ಹೇಳಲಿಲ್ಲ, ನನಗೆ ಮಾತ್ರ ತುಂಬಾ ಬೇಜಾರಾಯಿತು. ನಿಜವಾದದ್ದು ಮಳೆಗಾಲದಲ್ಲಿ ಹಣ್ಣಾದ ಪನಂಪುಳಿಯನ್ನು ಬುಟ್ಟಿಯಲ್ಲಿ ಹಾಕಿ, ಕೆಳಗೆ ತೊಟ್ಟಿಕ್ಕಿದ ರಸವನ್ನು ಕುದಿಸಿ ಕುದಿಸಿ ಇಂಗಿಸಿದ್ದು. ದಪ್ಪಗಿರುತ್ತದೆ, ಚಮಚದ ಬೆನ್ನಿಗೆ ಹಿಡಿದುಕೊಳ್ಳುತ್ತದೆ, ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ.

ಡಿಸೆಂಬರ್ ಚಳಿ ಇದೆ ಅಂತ ಕರಿಯನ್ನು ಹಾಗೇ ಬಿಡಬೇಡಿ. ರಾತ್ರಿ ಮಲಗುವ ಮೊದಲು ಒಂದು ಸಲ, ಬೆಳಿಗ್ಗೆ ಎದ್ದ ಕೂಡಲೇ ಒಂದು ಸಲ, ಬಡಿಸುವ ಮೊದಲು ಒಂದು ಸಲ ತಳದವರೆಗೂ ಕುದಿಸಿ. ಮಧ್ಯೆ ಹಸಿ ಸೌಟು ಹಾಕಬೇಡಿ.

ಕೋಳಿ ಎರಡೂವರೆ ಕಿಲೋ ಸಾಕು, ನಿಮ್ಮ ಮನೆಯ ರೀತಿಯಲ್ಲೇ ಮಾಡಿ, ತೆಂಗಿನಕಾಯಿ ಹಾಕುವುದಾದರೆ ಭಾನುವಾರ ಬೆಳಿಗ್ಗೆಯೇ ಮಾಡಿ.

ತರಕಾರಿಗೆ ನಿಮ್ಮ ಪಟ್ಟಿಯಲ್ಲಿ ಕುಮ್ಮು (ಅಣಬೆ) ಮತ್ತು ಬೈಂಬಳೆ (ಕಣಿಲೆ, ಅಂದರೆ ಎಳೆ ಬಿದಿರು) ಇದೆ. ಕಾಡಿನ ಕುಮ್ಮು ಮಳೆಗಾಲದ್ದು, ಈಗ ಸಿಗುವುದಿಲ್ಲ. ಕಣಿಲೆಯೂ ಅಷ್ಟೇ, ಉಪ್ಪಿನಲ್ಲಿ ಹಾಕಿಟ್ಟದ್ದು ಯಾರ ಮನೆಯಲ್ಲಾದರೂ ಇದ್ದರೆ ಸರಿ. ಅದನ್ನೂ ಚೆನ್ನಾಗಿ ನೀರು ಬದಲಿಸಿ ಉಪ್ಪು ಬಿಡಿಸಬೇಕು. ಇಲ್ಲದಿದ್ದರೆ ಈ ತಿಂಗಳು ಸಿಗುವುದರಲ್ಲೇ ಮಾಡಿ. ಸಿಹಿಗುಂಬಳದ ಕರಿ, ಸಾಸಿವೆ, ಜೀರಿಗೆ, ಸ್ವಲ್ಪ ಬೆಲ್ಲ ಹಾಕಿದ್ದು, ಕಡಂಬುಟ್ಟಿಗೆ ಅಷ್ಟು ಚೆನ್ನಾಗಿ ಹೊಂದುತ್ತದೆ. ಇನ್ನೊಂದು ಅವರೆಕಾಳು. ಮಾಂಸ ತಿನ್ನದವರಿಗೆ ಎರಡೂ ಬೇರೆ ಪಾತ್ರೆ, ಬೇರೆ ಸೌಟು ಇಡಿ, ಅವರಿಗೆ ಕೇಳಲು ಸಂಕೋಚ ಇರುತ್ತದೆ.

ತಂಬಿಟ್ಟು ಬಗ್ಗೆ ಒಂದು ಮಾತು. ಬಯಲುಸೀಮೆ ನೆಂಟರು ಬೆಲ್ಲದ ಉಂಡೆ ಅಂದುಕೊಂಡಿರುತ್ತಾರೆ. ನಮ್ಮದು ಬಾಳೆಹಣ್ಣಿನದು. ಕುಸುಬಲಕ್ಕಿಯನ್ನು ಉಬ್ಬಿ ಹೊಂಬಣ್ಣ ಬರುವವರೆಗೆ ಹುರಿದು, ನಾಲ್ಕು ಕಾಳು ಮೆಂತ್ಯ, ಏಲಕ್ಕಿ ಸೇರಿಸಿ ನುಣ್ಣಗೆ ಪುಡಿ ಮಾಡಿ. ಈ ಪುಡಿ ವಾರ ಮೊದಲೇ ಮಾಡಿಡಿ, 35 ಜನಕ್ಕೆ ಒಂದು ಕಿಲೋ ಧಾರಾಳ. ಬಾಳೆಹಣ್ಣು ತಲೆಗೊಂದು ಲೆಕ್ಕ, ಮೈಸೂರು ಬಾಳೆ, ಸಿಪ್ಪೆಯಲ್ಲಿ ಕಪ್ಪು ಚುಕ್ಕಿ ಬಂದಿರಬೇಕು. ಪಚ್ಚಬಾಳೆ ಹಾಕಿದರೆ ನೀರು ನೀರಾಗುತ್ತದೆ. ಬಡಿಸುವ ಅರ್ಧ ಗಂಟೆ ಮೊದಲು ಮಾತ್ರ ಕಲಸಿ, ಬೆಳಿಗ್ಗೆಯೇ ಕಲಸಿಟ್ಟರೆ ಹಣ್ಣು ಕಪ್ಪಾಗಿ ಪುಡಿ ಗಟ್ಟಿಯಾಗುತ್ತದೆ. ಮಿಕ್ಸಿಗೆ ಹಾಕಬೇಡಿ. ಕೈಯಲ್ಲೇ ಹಣ್ಣು ಹಿಚುಕಿ, ಚಿಟಿಕೆ ಉಪ್ಪು ಹಾಕಿ, ಪುಡಿಯನ್ನು ಹಿಡಿ ಹಿಡಿಯಾಗಿ ಸೇರಿಸುತ್ತಾ ಹೋಗಿ, ಬೆರಳಿನಿಂದ ಬಿಟ್ಟು ಬರುವ ಹದಕ್ಕೆ ನಿಲ್ಲಿಸಿ. ಮೇಲೆ ತುಪ್ಪ, ತೆಂಗಿನ ತುರಿ, ಹುರಿದ ಎಳ್ಳು. ಎಳ್ಳು ಮರೆಯಬೇಡಿ, ಅದಿಲ್ಲದೆ ಅರ್ಧ ರುಚಿ.

ಹುತ್ತರಿ ಗೆಣಸನ್ನು ಸಿಪ್ಪೆ ಸಮೇತ ಬೇಯಿಸಿ, ಆಮೇಲೆ ಸುಲಿದು ತುಂಡು ಮಾಡಿ, ಜೇನುತುಪ್ಪ ಪಕ್ಕದಲ್ಲಿಡಿ. ಅಷ್ಟೇ. ಆ ನೇರಳೆ ಬಣ್ಣ ನೋಡಿ ಪೇಟೆ ಮಕ್ಕಳು ತಾವೇ ಕೈ ಹಾಕುತ್ತಾರೆ.

ಚಾಕೊಲೇಟ್ ಕಷ್ಟ ಅಂತ ಭಯ ಬೇಡ. ಕಾಂಪೌಂಡ್ ಚಾಕೊಲೇಟ್ ಅರ್ಧ ಕಿಲೋ ತನ್ನಿ, ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಇರುವುದರಿಂದ ಸುಮ್ನೆ ಕರಗಿಸಿ ಅಚ್ಚಿಗೆ ಹಾಕಿದರೆ ಗಟ್ಟಿಯಾಗುತ್ತದೆ. ಬಿಸಿನೀರಿನ ಪಾತ್ರೆ ಮೇಲೆ ಬೋಗುಣಿ ಇಟ್ಟು ಕರಗಿಸಿ, ನೀರು ಬೋಗುಣಿಯ ತಳಕ್ಕೆ ತಾಗಬಾರದು. ಒಂದು ಹನಿ ನೀರು ಒಳಗೆ ಬಿದ್ದರೂ ಮರಳು ಮರಳಾಗಿ ಗಟ್ಟಿಕಟ್ಟುತ್ತದೆ, ಆದ್ದರಿಂದ ಸೌಟು, ಅಚ್ಚು, ಗೋಡಂಬಿ, ದ್ರಾಕ್ಷಿ ಎಲ್ಲ ಒಣಗಿರಬೇಕು. ನಮ್ಮ ಚಳಿಗೆ ಫ್ರಿಜ್ ಬೇಕಾಗಿಲ್ಲ, ಹೊರಗೇ ಗಟ್ಟಿಯಾಗುತ್ತದೆ. ಫ್ರಿಜ್‌ನಿಂದ ತೆಗೆದರೆ ಬೆವರುತ್ತದೆ. ಗುರುವಾರವೇ ಮಾಡಿ ಬಚ್ಚಿಡಿ.

ನೇಂದ್ರ ಚಿಪ್ಸ್ ಕೂಡ ಗುರುವಾರವೇ. ತೆಂಗಿನೆಣ್ಣೆಯಲ್ಲಿ ಕರಿಯುವಾಗ, ಇನ್ನೇನು ಆಯಿತು ಅನ್ನುವಾಗ ಒಂದು ಚಮಚ ಉಪ್ಪು-ಅರಿಶಿನದ ನೀರು ಎಣ್ಣೆಗೇ ಹಾಕಿ. ಜೋರಾಗಿ ಸಿಡಿಯುತ್ತದೆ, ಹಿಂದೆ ಸರಿದು ನಿಲ್ಲಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಸದ್ದು ನಿಂತ ಮೇಲೆ ತೆಗೆಯಿರಿ. ಪೂರ್ತಿ ಆರಿದ ಮೇಲೆ ಡಬ್ಬಕ್ಕೆ.

ಕುಡಿಯಲು ಕಿತ್ತಳೆ ಶರಬತ್ತು ಅಂದಿದ್ದೀರಿ. ತೋಟದ ಕಿತ್ತಳೆ ಸಿಕ್ಕರೆ ಮಾಡಿ, ಆದರೆ ಹಿಂದಿನ ದಿನ ಹಿಂಡಿಡಬೇಡಿ, ಇಟ್ಟ ರಸ ಕಹಿಯಾಗುತ್ತದೆ. ಬೀಜ ಅರೆಯದ ಹಾಗೆ ಕೈಯಲ್ಲೇ ಆಗಿಂದಾಗ್ಗೆ ಹಿಂಡಿ. ಊಟ ಆದ ಮೇಲೆ ದೊಡ್ಡವರಿಗೆ ಬೆಲ್ಲದ ಕಾಫಿ.

ಕಡಂಬುಟ್ಟು ಉಳಿದರೆ ಒದ್ದೆ ಬಟ್ಟೆ ಮುಚ್ಚಿಡಿ. ಸೋಮವಾರ ಬೆಳಿಗ್ಗೆ ನಾಲ್ಕು ತುಂಡು ಮಾಡಿ ಸಾಸಿವೆ, ಕರಿಬೇವು, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಹೊರಡುವ ನೆಂಟರಿಗೆ ತಿಂಡಿ ಆಯಿತು.

ಕಾಚಂಪುಳಿ ನಿಮಗೆ ಸಿಗದಿದ್ದರೆ ಹೇಳಿ ಅಕ್ಕ. ಈ ಮಳೆಗಾಲದಲ್ಲಿ ಮಾಡಿದ್ದು ನಮ್ಮಲ್ಲಿ ಎರಡು ಬಾಟಲಿ ಇದೆ, ಶುಕ್ರವಾರ ನಾನು ಮಡಿಕೇರಿ ಸಂತೆಗೆ ಬರುತ್ತೇನೆ, ಒಂದು ತಂದುಕೊಡುತ್ತೇನೆ.