ಗುಡ್ಡದ ಜೀಪುದಾರಿ: ಯಾರು ಹೋಗಬಹುದು?

ಪ್ರಶ್ನೆ: ಕಾರ್ಕಳದಿಂದ ಕುದುರೆಮುಖದ ಮೇಲೆ ಕಳಸಕ್ಕೆ ಹೋಗುವಾಗ ಡಾಂಬರು ರಸ್ತೆಯಿಂದ ಗುಡ್ಡದತ್ತ ಮಣ್ಣಿನ ಜೀಪುದಾರಿಗಳು ಕಾಣುತ್ತವೆ. ಕೆಲವಕ್ಕೆ ಗೇಟಿಲ್ಲ, ಫಲಕವಿಲ್ಲ. ಊರಿನವರ ಜೀಪುಗಳು ಓಡಾಡುತ್ತವೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ನಮ್ಮ ಫೋರ್ ಬೈ ಫೋರ್ ಗಾಡಿ ಹತ್ತಿಸಿದರೆ ತಪ್ಪೇ?

ಉತ್ತರ: ತಪ್ಪು, ಹತ್ತಿಸಬೇಡಿ. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಪರ್ಮಿಟ್ ಇಲ್ಲದೆ ಒಳಗಿರಬಹುದಾದವರು ಯಾರ್‍ಯಾರೆಂದು ಎಣಿಸಿ ಹೇಳಿದೆ: ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ವಾಸಕ್ಕೆ ಅನುಮತಿ ಪಡೆದವರು, ಒಳಗೆ ಜಮೀನಿನ ಹಕ್ಕುಳ್ಳವರು, ಇವರ ಅವಲಂಬಿತರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು. ನೀವು ಈ ಕೊನೆಯವರ ಪೈಕಿ. ಚಕ್ರ ಡಾಂಬರು ಬಿಟ್ಟು ಇಳಿದರೆ ಆ ವಿನಾಯಿತಿ ಇಲ್ಲ. ತೋಟ, ಮನೆ ಇರುವ ಊರಿನವರ ಲೆಕ್ಕವೇ ಬೇರೆ. ಫಲಕ ಇದ್ದಲ್ಲಿ ಮಾತ್ರ ನಿಷೇಧ ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. 2022ರ ತಿದ್ದುಪಡಿಯ ನಂತರ ಶಿಕ್ಷೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 50ನೇ ಕಲಮಿನಡಿ ಗಾಡಿಯನ್ನೂ ಜಪ್ತಿ ಮಾಡಬಹುದು.

ಪ್ರಶ್ನೆ: ಒಂದೆರಡು ಗಾಡಿ ಹೋದರೆ ಏನಾದೀತು? ಮಳೆ ಬಂದರೆ ಹುಲ್ಲು ಮತ್ತೆ ಚಿಗುರುತ್ತದಲ್ಲ?

ಉತ್ತರ: ಆ ಮಳೆಯೇ ಅಲ್ಲಿ ಕೆಡುಕು ಮಾಡುವುದು. ಚಕ್ರ ತುಳಿದ ಮಣ್ಣು ಒತ್ತಿ ಗಟ್ಟಿಯಾಗಿ ನೀರು ಇಂಗುವುದಿಲ್ಲ. ಏರನ್ನು ನೇರ ಹತ್ತಿದ ಎರಡು ಜಾಡು ಆಷಾಢದಲ್ಲಿ ಎರಡು ಕಾಲುವೆಯಾಗುತ್ತದೆ. ಮೊದಲು ಹುಲ್ಲಿನ ಬೇರು ಹೆಣೆದುಕೊಂಡ ಮೇಲ್ಪದರ ಕಿತ್ತು ಹೋಗುತ್ತದೆ, ಆಮೇಲೆ ಅಡಿಯ ಮಣ್ಣು ಕರಗಿ ಇಳಿಯುತ್ತದೆ. ಕೊರಕಲು ಆಳವಾದಾಗ ಹಿಂದೆ ಬಂದವನು ತಪ್ಪಿಸಲು ಪಕ್ಕದ ಹುಲ್ಲಿನ ಮೇಲೆ ಹತ್ತಿಸುತ್ತಾನೆ. ಅಲ್ಲೊಂದು ಹೊಸ ಜಾಡು. ಗುಡ್ಡಗಳ ನಡುವಿನ ಜೌಗನ್ನು ಚಕ್ರ ಸೀಳಿದರೆ ಇನ್ನೂ ಕೆಟ್ಟದ್ದು: ಬೇಸಗೆಗೆಂದು ಹಿಡಿದಿಟ್ಟ ನೀರು ಆ ಸೀಳಿನಿಂದ ಬೇಗನೆ ಬಸಿದುಹೋಗುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಸಾಲಿನಲ್ಲಿ.

ಪ್ರಶ್ನೆ: ಹಾಗಾದರೆ ಮಲೆನಾಡಿನಲ್ಲಿ ಎಲ್ಲಿ ಓಡಿಸೋಣ?

ಉತ್ತರ: ಖಾಸಗಿ ಜಮೀನಿನಲ್ಲಿ, ಮಾಲೀಕರಿಂದ ಬರೆಸಿಕೊಂಡ ಒಪ್ಪಿಗೆಯೊಂದಿಗೆ. ಸ್ಥಳದಲ್ಲೇ ನಿಂತು ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ಸಿಗುತ್ತದೆ; ಅದರ ಪಹಣಿ ತೆಗೆದು ಯಾರ ಹೆಸರಿದೆ ನೋಡಿ. ಡೀಮ್ಡ್ ಅರಣ್ಯ, ಅಂದರೆ ಅಧಿಸೂಚನೆ ಆಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ಜಾಗ, ಪಹಣಿಯಲ್ಲಿ ಕಾಣದೇ ಇರಬಹುದು. ಗಡಿ ಕಾಡಿಗೆ ತಾಗಿದ್ದರೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಗೋಮಾಳವೆಂದರೆ ಯಾರು ಬೇಕಾದರೂ ನುಗ್ಗುವ ಜಾಗವಲ್ಲ, ಅದು ದನಗಳ ಮೇವಿಗೆ ಬಿಟ್ಟದ್ದು.

ಹೂತುಕೊಂಡರೆ ಆಕ್ಸಿಲರೇಟರ್ ಒತ್ತಿ ಚಕ್ರ ತಿರುಗಿಸುತ್ತಾ ಕೂರಬೇಡಿ, ಗುಂಡಿ ಆಳವಾಗುವುದಷ್ಟೇ. ಟೈರಿನ ಗಾಳಿ 18–20 ಪಿಎಸ್‌ಐಗೆ ಇಳಿಸಿ, ಚಕ್ರದ ಮುಂದಿನ ಮಣ್ಣು ತೋಡಿ, ಲೋ ರೇಂಜ್ (ವೇಗ ಕಡಿಮೆ, ಎಳೆತ ಹೆಚ್ಚು) ಎರಡನೇ ಗೇರಿನಲ್ಲಿ ನಿಧಾನ ಎತ್ತಿ. ಡಾಂಬರಿಗೆ ಬಂದ ಮೇಲೆ ಗಾಳಿ ತುಂಬಿಸಿಯೇ ವೇಗ ಹೆಚ್ಚಿಸಿ. ವಿಂಚಿನ (ಹೂತ ಗಾಡಿ ಎಳೆಯುವ ರಾಟೆಯಂತ್ರದ) ತಂತಿಯನ್ನು ಮರಕ್ಕೆ ನೇರ ಸುತ್ತಿದರೆ ತೊಗಟೆ ಕತ್ತರಿಸಿ ಮರ ಒಣಗಬಹುದು. 3 ಇಂಚು ಅಗಲದ ಪಟ್ಟಿ ಹಾಕಿ, ಅದಕ್ಕೆ ಶ್ಯಾಕಲ್ (ಕಬ್ಬಿಣದ ಕೊಂಡಿ) ಸಿಕ್ಕಿಸಿ ಎಳೆಯಿರಿ. ಹೊರಡುವ ಮುನ್ನ ಊರಲ್ಲೇ ಚಕ್ರದ ಕಮಾನು, ಮಡ್‌ಫ್ಲ್ಯಾಪ್‌ಗಳ ಒಳಮೈ ತೊಳೆಯಿರಿ. ಅಲ್ಲಿ ಅಂಟಿದ ಒಣ ಕೆಸರಿನಲ್ಲಿ ಪಾರ್ಥೇನಿಯಂ (ಕಾಂಗ್ರೆಸ್ ಕಳೆ) ಬೀಜ ಇರಬಹುದು.