“ಪಪ್ಪ ಕಣ್ಣು ಮುಚ್ಕೊಂಡು ಬೈತಾರೆ”: ಒಂದು ಆಪ್ತಸಲಹೆ ಪ್ರಕರಣ

ಇದು ಒಂದೇ ಮನೆ ಕಥೆ ಆಗಿದ್ರೆ ಬರೀತಾನೇ ಇರ್ಲಿಲ್ಲ. ಇದೇ ತೊಂದ್ರೆ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ನನ್ನ ಹತ್ರ ಬರ್ತಿದೆ, ಅದೂ ದೇವರ ಭಯ ಇರೋ, ಮಕ್ಕಳು ಅಂದ್ರೆ ಜೀವ ಬಿಡೋ ಮನೆಗಳಿಂದಾನೇ. ಗುರುತು ಸಿಗಬಾರ್ದು ಅಂತ ಕೆಲವು ವಿವರ ಬದಲಾಯಿಸಿದ್ದೀನಿ, ಬರೀಲಾ ಅಂತ ಆ ಮನೆಯವ್ರನ್ನ ಕೇಳಿ ಒಪ್ಪಿಗೆನೂ ತಗೊಂಡಿದ್ದೀನಿ.

ಕ್ರೈಸ್ತ ಮನೆ, ಗಂಡ ಹೆಂಡ್ತಿ ಇಬ್ರೂ ಕೆಲಸಕ್ಕೆ ಹೋಗೋರು. ಮಗನಿಗೆ ಆರು ವರ್ಷ, ಮಗಳಿಗೆ ಮೂರು. ದಿನಾ ರಾತ್ರಿ ಮಲಗೋ ಮುಂಚೆ ಕುಟುಂಬ ಪ್ರಾರ್ಥನೆ, ಮಳೆ ಬರ್ಲಿ ಜ್ವರ ಬರ್ಲಿ ತಪ್ಪಿಸೋ ಹಾಗಿಲ್ಲ. ಕೆಲವು ತಿಂಗಳಿಂದ ಮಗನಿಗೆ ಸರಿಯಾಗಿ ಅದೇ ಹೊತ್ತಿಗೆ ಹೊಟ್ಟೆನೋವು ಶುರುವಾಗ್ತಿತ್ತು. ಇಲ್ಲಾಂದ್ರೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕ್ಕೊಂಡ್ರೆ ಎಲ್ಲಾ ಮುಗಿಯೋವರೆಗೂ ಈಚೆ ಬರಲ್ಲ. ಡಾಕ್ಟರ್ ಹತ್ರ ತೋರಿಸಿದ್ರಾ ಅಂತ ನಾನು ಮೊದ್ಲು ಕೇಳೋದೇ ಅದು, ತೋರಿಸಿದ್ರು, ದೇಹಕ್ಕೇನೂ ತೊಂದ್ರೆ ಇಲ್ಲ ಅಂದಿದ್ರಂತೆ. “ಇವನಿಗೆ ದೇವರ ವಿಷ್ಯ ಅಂದ್ರೇನೇ ಆಗಲ್ಲ ಸಿಸ್ಟರ್, ಆರು ವರ್ಷಕ್ಕೇ ಹಿಂಗಾದ್ರೆ ಮುಂದೆ ಏನ್ ಗತಿ” ಅಂತ ತಂದೆಗೆ ನಿಜವಾದ ಭಯ. ಆ ಭಯವನ್ನ ನಾನು ಹಗುರವಾಗಿ ತಗೊಳ್ಳಲ್ಲ. ನಂಬಿಕೆ ಇರೋ ಅಪ್ಪ ಅಮ್ಮಂಗೆ ಇದಕ್ಕಿಂತ ದೊಡ್ಡ ಭಯ ಇರಲ್ಲ.

ಪ್ರಾರ್ಥನೆ ಉದ್ದ ಜಾಸ್ತಿ ಇತ್ತು, ಅದಂತೂ ನಿಜ. ಆ ತಿಂಗಳು ಅವ್ರು ಬೈಬಲ್ಲಿನ 119ನೇ ಕೀರ್ತನೆನ ತುಂಡು ತುಂಡಾಗಿ ಓದ್ತಾ ಇದ್ರಂತೆ. ಅದ್ರಲ್ಲಿ 176 ವಚನ ಇದೆ, ಮೂರು ವರ್ಷದ ಮಗು ಮುಂದೆ ಅದನ್ನ ಓದೋಕೆ ಹೊರಟವ್ರ ಧೈರ್ಯ ಮೆಚ್ಚಬೇಕು. ಚರ್ಚ್ ಸಭೆಯಲ್ಲಿ ಯಾರೋ ಸ್ಟಿಕ್ಕರ್ ಚಾರ್ಟ್ ಮಾಡಿ ಅಂದಿದ್ರು, ಇನ್ಯಾರೋ ಬೈಬಲ್ ಕಥೆ ವಿಡಿಯೋ ಹಾಕಿ ಅಂದಿದ್ರು, ಎಲ್ಲಾ ಮಾಡಿ ನೋಡಿದ್ರು. ಆದ್ರೆ ತಾಯಿ ಮಾತಾಡ್ತಾ ಮಾತಾಡ್ತಾ ಒಂದು ವಿಷ್ಯ ಹೇಳಿದ್ರು, ವಾಕ್ಯ ಓದೋವಾಗ ಹುಡುಗ ಹೇಗೋ ಕೂತಿರ್ತಾನಂತೆ, ಹಾಡಿಗಂತೂ ಚಪ್ಪಾಳೆ ತಟ್ಟಿ ಹಾಡ್ತಾನಂತೆ, “ಈಗ ಕಣ್ಣು ಮುಚ್ಚೋಣ” ಅಂದ ಕೂಡ್ಲೇ ಹೊಟ್ಟೆ ಹಿಡ್ಕೊಂಡು ಎದ್ದುಬಿಡ್ತಾನಂತೆ. ಬೇಜಾರಾಗಿದ್ರೆ ಓದೋವಾಗ್ಲೇ ಏಳ್ಬೇಕಿತ್ತಲ್ಲ.

ಮುಂದಿನ ಸಲ ಹುಡುಗನ್ನ ಒಬ್ಬನೇ ಕೂರಿಸ್ಕೊಂಡೆ. ಆ ವಯಸ್ಸಿನ ಮಕ್ಕಳನ್ನ “ಯಾಕೆ ಪ್ರಾರ್ಥನೆಗೆ ಕೂರಲ್ಲ” ಅಂತ ಕೇಳಿದ್ರೆ “ಗೊತ್ತಿಲ್ಲ” ಅನ್ನೋದು ಬಿಟ್ಟು ಬೇರೆ ಉತ್ತರ ಸಿಗಲ್ಲ. ಅದಕ್ಕೆ ನಾಲ್ಕು ಗೊಂಬೆ ಕೊಟ್ಟು ನಿಮ್ಮನೇಲಿ ರಾತ್ರಿ ಪ್ರಾರ್ಥನೆ ಹೇಗೆ ಮಾಡ್ತೀರಿ ತೋರಿಸು ಅಂದೆ. ಚೆನ್ನಾಗಿ ಜೋಡಿಸ್ದ. ಅಮ್ಮ ಇಲ್ಲಿ, ತಂಗಿ ಅಮ್ಮನ ಮಡಿಲಲ್ಲಿ, ಪಪ್ಪ ಎದುರುಗಡೆ. ತನ್ನ ಗೊಂಬೆನ ಮಾತ್ರ ಕೈಯಲ್ಲೇ ಇಟ್ಕೊಂಡಿದ್ದ. ಹಾಡು ಹಾಡಿಸ್ದ. ಓದಿಸ್ದ. ಆಮೇಲೆ ದೊಡ್ಡ ಗೊಂಬೆ ತಲೆ ಬಗ್ಗಿಸಿ, ದನಿ ದಪ್ಪ ಮಾಡ್ಕೊಂಡು ಶುರು ಮಾಡ್ದ: “ಕರ್ತನೇ, ಈ ಹುಡುಗ ಇವತ್ತು ತಂಗಿನ ತಳ್ಳಿದ್ದಾನೆ ಕರ್ತನೇ. ಸುಳ್ಳು ಹೇಳಿದ್ದಾನೆ ಕರ್ತನೇ. ಇವನ ಹಠದ ಸ್ವಭಾವ ಮುರಿಯಪ್ಪಾ. ಅಮ್ಮನ ಮಾತು ಕೇಳೋ ಹಾಗೆ ಮಾಡಪ್ಪಾ.”

ನಾನು ಮೆಲ್ಲಗೆ ಕೇಳ್ದೆ, ಪಪ್ಪ ಇಲ್ಲಿ ಏನ್ ಮಾಡ್ತಿದ್ದಾರೆ ಪುಟ್ಟಾ?

“ಕಣ್ಣು ಮುಚ್ಕೊಂಡು ಬೈತಿದ್ದಾರೆ.”

ಕಣ್ಣು ಬಿಟ್ಕೊಂಡು ಬೈಯಲ್ವಾ ಅಂದೆ. ಬೈತಾರೆ, ಆದ್ರೆ ಆವಾಗ “ನಾನಲ್ಲ, ಅವಳೇ ಮೊದ್ಲು ಕಿತ್ಕೊಂಡಿದ್ದು” ಅಂತ ಹೇಳ್ಬೋದು, ಪ್ರೇಯರಲ್ಲಿ ಮಧ್ಯೆ ಮಾತಾಡಬಾರ್ದಲ್ಲಾ ಅಂದ. ಸ್ವಲ್ಪ ಹೊತ್ತು ಗೊಂಬೆ ಕೈ ತಿರುಗಿಸ್ತಾ ಇದ್ದು, ಆಮೇಲೆ ತಾನಾಗೇ ಹೇಳ್ದ: “ಲಾಸ್ಟಲ್ಲಿ ನಾನೂ ಆಮೆನ್ ಅನ್ಬೇಕು.”

ನೋಡಿ, ಆ ಆಮೆನ್ ವಿಷ್ಯ ನನ್ನನ್ನ ಇವತ್ತಿಗೂ ಬಿಟ್ಟಿಲ್ಲ. ತನ್ನ ಮೇಲಿನ ಆರೋಪ ಪಟ್ಟಿನ ತಾನೇ ಕೇಳ್ಕೊಂಡು, ಬಾಯಿ ಬಿಡೋ ಹಾಗಿಲ್ದೆ, ಕೊನೆಗೆ ಹೌದು ಹಾಗೇ ಆಗ್ಲಿ ಅಂತ ರುಜು ಹಾಕ್ಬೇಕು, ಆರು ವರ್ಷದ ಮಗು, ದಿನಾ ರಾತ್ರಿ. ಹೊಟ್ಟೆನೋವು ಬರ್ದೇ ಇನ್ನೇನ್ ಬರುತ್ತೆ.

ಆ ವಯಸ್ಸಿನ ಮಗು ಮಾತನ್ನ ಕೇಳಿದ ಹಾಗೇ ತಗೊಳ್ಳುತ್ತೆ. ಪಪ್ಪನ ಮನಸ್ಸಲ್ಲಿ “ಮಗನಿಗಾಗಿ ಅಳ್ತಾ ಬೇಡ್ಕೊಳ್ತಿದ್ದೀನಿ” ಅಂತಿದೆ, ಮಗು ಕಿವಿಗೆ ಬೀಳೋದು ಹೆಡ್‌ಮಾಸ್ಟರ್ ಮುಂದೆ ನಿಲ್ಲಿಸಿ ಕಂಪ್ಲೇಂಟ್ ಹೇಳಿದ ಹಾಗೆ. ದೊಡ್ಡೋರು ಇಬ್ರೂ ಒಂದು ಪಾರ್ಟಿ, ನಾನೊಬ್ನೇ ಈ ಕಡೆ. ದೇವರು ನನ್ನ ಮಾತು ಕೇಳೋಕ್ಕಿಂತ ಮೊದ್ಲೇ ಪಪ್ಪ ಎಲ್ಲಾ ಹೇಳಿಬಿಟ್ಟಿರ್ತಾರೆ. ಇನ್ನು ಯಾವ ಮುಖ ಇಟ್ಕೊಂಡು ಆ ದೇವರ ಹತ್ರ ಅವನು ಸ್ವಂತಕ್ಕೆ ಏನಾದ್ರೂ ಕೇಳ್ತಾನೆ ಹೇಳಿ.

ಇದನ್ನ ಅಪ್ಪ ಅಮ್ಮಂಗೆ ಹೇಳ್ಬೋದಾ ಅಂತ ಹುಡುಗನ್ನೇ ಕೇಳ್ದೆ, “ಪಪ್ಪಂಗೆ ಬೇಜಾರಾಗುತ್ತಾ” ಅಂದ, ಸ್ವಲ್ಪ ಆಗ್ಬೋದು, ಆದ್ರೆ ನಿನ್ನ ಮೇಲೆ ಕೋಪ ಮಾಡ್ಕೊಳ್ದೇ ಇರೋ ಹಾಗೆ ನಾನು ನೋಡ್ಕೊಳ್ತೀನಿ ಅಂದ ಮೇಲೆ ಹೂಂ ಅಂದ.

ತಂದೆಗೆ ಬೇಜಾರಾಯ್ತು, ಆಮೇಲೆ ಕೋಪ ಬಂತು, ನನ್ನ ಮೇಲೆ. “ಹಾಗಾದ್ರೆ ನನ್ನ ಮಗನಿಗೋಸ್ಕರ ನಾನು ಪ್ರಾರ್ಥನೆ ಮಾಡ್ಬಾರ್ದಾ? ಬೆತ್ತ ಬಳಸ್ದೇ ಇರೋನು ಮಗನ್ನ ದ್ವೇಷಿಸ್ತಾನೆ ಅಂತ ಜ್ಞಾನೋಕ್ತಿ 13:24 ಹೇಳಲ್ವಾ? ನಾನು ಹೊಡೆಯೋದೂ ಇಲ್ಲ, ದೇವರ ಹತ್ರ ಹೇಳ್ಕೊಳ್ತೀನಿ ಅಷ್ಟೇ, ಅದೂ ತಪ್ಪಾ?” ಈ ಪ್ರಶ್ನೆ ನನಗೆ ಹೊಸದಲ್ಲ. ಮಗು ಬಗ್ಗೆ ಏನ್ ಬೇಕಾದ್ರೂ ದೇವರಿಗೆ ಹೇಳಿ, ಅತ್ತುಕೊಂಡು ಹೇಳಿ, ಬಾಗಿಲು ಹಾಕ್ಕೊಂಡು ಒಬ್ರೇ ಇರೋವಾಗ ಹೇಳಿ, ಮತ್ತಾಯ 6ರಲ್ಲಿ ಕೋಣೆ ಬಾಗಿಲು ಹಾಕ್ಕೊಂಡು ಪ್ರಾರ್ಥಿಸು ಅಂತ ಯೇಸುನೇ ಹೇಳಿದ್ದಾರಲ್ಲ. ಮಗು ಕೇಳಿಸ್ಕೊಳ್ಳಲಿ ಅಂತ ದೇವರ ಹತ್ರ ಮಾತಾಡೋದು ಮಾತ್ರ ಬೇಡ, ಅದು ದೇವರ ಹತ್ರ ಆಡೋ ಮಾತಲ್ಲ, ಮಗು ಹತ್ರ ಆಡೋದೇ.

ಅವ್ರು ಬೈಬಲ್ ತೆಗೆದಿದ್ದಕ್ಕೆ ನಾನೂ ತೆಗೆದೆ. ಮತ್ತಾಯ 18:15 ನೋಡಿ, ಸಹೋದರ ತಪ್ಪು ಮಾಡಿದ್ರೆ ಹೋಗಿ ನೀನು ಅವನು ಇಬ್ರೇ ಇರೋವಾಗ ತಿಳಿಸು ಅಂತಿದೆ. ಸಭೆಯಲ್ಲಿ ನಲವತ್ತು ವರ್ಷದ ಗಂಡಸಿಗೆ ಕೊಡೋ ಈ ಮರ್ಯಾದೆ ಮನೇಲಿ ಆರು ವರ್ಷದವನಿಗೆ ಯಾಕಿಲ್ಲ? ಅದೇ ಅಧ್ಯಾಯ ಶುರುವಾಗೋದೇ ಯೇಸು ಒಂದು ಮಗುನ ಕರೆದು ಶಿಷ್ಯರ ನಡುವೆ ನಿಲ್ಲಿಸೋದ್ರಿಂದ. ಇನ್ನೊಂದು ಲೂಕ 18, ದೇವಾಲಯಕ್ಕೆ ಪ್ರಾರ್ಥನೆಗೆ ಹೋದ ಇಬ್ರ ಕಥೆ, ಒಬ್ಬ ಧರ್ಮನಿಷ್ಠ ಅನ್ನಿಸ್ಕೊಂಡ ಫರಿಸಾಯ, ಇನ್ನೊಬ್ಬ ಜನ ಪಾಪಿ ಅಂತಿದ್ದ ತೆರಿಗೆ ವಸೂಲಿ ಮಾಡೋ ಸುಂಕದವನು. ನಾವೆಲ್ಲ ಫರಿಸಾಯನ ಜಂಬದ ಬಗ್ಗೆ ಪ್ರಸಂಗ ಕೇಳಿದ್ದೀವಿ, ಆದ್ರೆ ಅವನ ಪ್ರಾರ್ಥನೆ ಒಳಗೆ ದೂರದಲ್ಲಿ ನಿಂತಿರೋ ಇನ್ನೊಬ್ಬನ ಮಾತು ಬರುತ್ತೆ, “ಈ ಸುಂಕದವನ ಹಾಗೆ” ಅಂತ, ಅದನ್ನ ಯಾರೂ ಗಮನಿಸಲ್ಲ. ಸುಂಕದವನು ಮಾತ್ರ ತನ್ನ ಬಗ್ಗೆ ಅಷ್ಟೇ ಹೇಳ್ಕೊಂಡ. ತಂದೆ ಫರಿಸಾಯ ಅಂತ ನಾನು ಹೇಳ್ತಿಲ್ಲ, ಅವ್ರಿಗಿರೋದು ಜಂಬ ಅಲ್ಲ, ಚಿಂತೆ. ಆದ್ರೂ ಪ್ರಾರ್ಥನೆ ಒಳಗೆ ಪಕ್ಕದವನ ಪಾಪ ಎತ್ತಾಡೋ ಅಭ್ಯಾಸ ಒಳ್ಳೇ ಮನಸ್ಸಿಂದ ಶುರುವಾದ್ರೂ ಒಳ್ಳೇ ಕಡೆ ಹೋಗಲ್ಲ. ಬೆತ್ತದ ವಚನ ಹೇಳೋ ತಂದೆಯರಿಗೆ ಎಫೆಸ 6:4 ಮತ್ತೆ ಕೊಲೊಸ್ಸೆ 3:21 ಕೂಡ ನೆನಪಿರ್ಬೇಕು, ಮಕ್ಕಳನ್ನ ಕೆಣಕಬೇಡಿ, ಮನಗುಂದಿಸಬೇಡಿ ಅಂತ ಪೌಲ ನೇರವಾಗಿ ತಂದೆಯರಿಗೇ ಬರೆದಿದ್ದಾನೆ.

ಅಷ್ಟರಲ್ಲಿ ಅಲ್ಲೀವರೆಗೂ ಸುಮ್ನಿದ್ದ ತಾಯಿ, “ನನ್ನ ಬಗ್ಗೆನೂ ಹಂಗೇ ಮಾಡ್ತೀರಲ್ರೀ, ಇವಳಿಗೆ ತಾಳ್ಮೆ ಕೊಡಪ್ಪಾ ಅಂತ” ಅಂದ್ರು. ಅವ್ರು ತಕ್ಷಣ, “ನೀನೇನ್ ಕಮ್ಮಿನಾ, ಇವ್ರಿಗೆ ಮನೆ ಕೆಲಸದಲ್ಲಿ ಕೈ ಜೋಡಿಸೋ ಮನಸ್ಸು ಕೊಡಪ್ಪಾ ಅಂತ ಮೊನ್ನೆ ಯಾರು ಪ್ರಾರ್ಥಿಸಿದ್ದು?” ಮೂರು ಜನಾನೂ ನಕ್ಕುಬಿಟ್ವಿ. ಆ ನಗು ಬರ್ದೇ ಇದ್ದಿದ್ರೆ ಅವ್ರು ನನ್ನ ಮಾತು ಕೇಳ್ತಿದ್ರೋ ಇಲ್ವೋ.

ಕೊಟ್ಟ ಸಲಹೆ ಇದು. ಹಗಲಿನ ಜಗಳ, ಸುಳ್ಳು, ತಳ್ಳಾಟ ಏನಿದ್ರೂ ಪ್ರಾರ್ಥನೆಗೆ ಕೂರೋ ಮುಂಚೆನೇ ಮುಗಿಸ್ಬೇಕು, ಮಗು ಎತ್ತರಕ್ಕೆ ಕೂತು, ಕಣ್ಣು ಬಿಟ್ಕೊಂಡು, ಅವನಿಗೆ ಉತ್ತರ ಹೇಳೋಕೆ ಅವಕಾಶ ಕೊಟ್ಟು, ತಂಗಿ ಮುಂದೆ ಅಲ್ಲ. ಶಿಕ್ಷೆ ಏನಾದ್ರೂ ಇದ್ರೆ ಅದೂ ಅಲ್ಲಿಗೇ ಮುಗೀಬೇಕು. ಕುಟುಂಬ ಪ್ರಾರ್ಥನೇಲಿ ಮಗು ಹೆಸರು ಬಂದ್ರೆ ಕೃತಜ್ಞತೆ ಜೊತೆಗೇ ಬರ್ಬೇಕು, ಸದ್ಯಕ್ಕೆ ಒಂದು ತಿಂಗಳು ಬೇರೆ ಯಾವುದಕ್ಕೂ ಬೇಡ, ಅದೂ “ಒಳ್ಳೇ ಮಗ ಕೊಟ್ಟಿದ್ದಕ್ಕೆ ಸ್ತೋತ್ರ” ಅಂತ ಸುಮ್ನೆ ಅಲ್ಲ, ಇವತ್ತು ತಂಗಿ ಶೂ ಹುಡುಕಿ ಕೊಟ್ಟ ಅನ್ನೋ ಥರ ಅವನಿಗೆ ಗುರುತು ಸಿಗೋ ವಿಷ್ಯ. ಕ್ಷಮೆ ಕೇಳೋದಿದ್ರೆ ಅಪ್ಪ ಅಮ್ಮ ತಮ್ಮ ತಪ್ಪಿಗೆ ಕೇಳ್ಲಿ, ಚಿಕ್ಕದಾಗಿ, ಮಕ್ಕಳ ಮೇಲೆ ಭಾರ ಹಾಕದ ಹಾಗೆ. ಹುಡುಗನ್ನ ಜೋರಾಗಿ ಪ್ರಾರ್ಥಿಸು ಅಂತ ಒತ್ತಾಯ ಮಾಡ್ಬಾರ್ದು, ಆಮೆನ್ ಅನ್ನೋದಕ್ಕೂ. ಉದ್ದ ಕಡಿಮೆ ಆಗ್ಬೇಕು. 117ನೇ ಕೀರ್ತನೆ ಎರಡೇ ವಚನ, ಅದರಿಂದ ಶುರು ಮಾಡಿ ಅಂದೆ. ಯೇಸು ಕಲಿಸಿದ ಪ್ರಾರ್ಥನೆ ಹೇಳಿ ಮುಗಿಸೋಕೆ ಒಂದು ನಿಮಿಷನೂ ಬೇಡ, ಕರ್ತನಿಗೇ ಅಷ್ಟು ಸಾಕಾಗಿದ್ರೆ ನಮಗ್ಯಾಕೆ ಅರ್ಧ ಗಂಟೆ?

ಜೊತೆಗೆ ಒಂದು ಮಾತು ಮನೆಯಿಂದ ಪೂರ್ತಿ ತೆಗೀಬೇಕು ಅಂದೆ, “ಯೇಸುಗೆ ಬೇಜಾರಾಗುತ್ತೆ ನೋಡು.” ಹಲ್ಲುಜ್ಜದಿದ್ರೆ ಯೇಸುಗೆ ಬೇಜಾರು, ಆಟದ ಸಾಮಾನು ಎತ್ತಿಡದಿದ್ರೆ ಯೇಸುಗೆ ಬೇಜಾರು. ಬೇಜಾರಾಗಿರೋದು ನಮಗೆ, ನಮಗೆ ಅಂತ್ಲೇ ಹೇಳೋಣ. ನಮ್ಮ ಸುಸ್ತಿಗೆಲ್ಲ ದೇವರನ್ನ ಕರ್ಕೊಂಡು ಬರೋದು ನನಗಂತೂ ಆತನ ಹೆಸರನ್ನ ವ್ಯರ್ಥವಾಗಿ ಎತ್ತೋದಕ್ಕೆ ತೀರಾ ದೂರ ಅನ್ಸಲ್ಲ.

ಈ ಸಲಹೆಗೆ ನನಗೆ ಬೈಗುಳ ಬಂದಿದೆ, ಅದನ್ನೂ ಹೇಳ್ತೀನಿ. ಇಂಥದ್ದೇ ಇನ್ನೊಂದು ಮನೆ ವಿಷ್ಯದಲ್ಲಿ ಒಬ್ರು ಹಿರಿಯರು, ನೀನು ಮಕ್ಕಳಿಗೆ ಪಾಪ ಅಂದ್ರೇನು ಅಂತಾನೇ ಹೇಳಿಕೊಡದ ಹಾಗೆ ಮಾಡ್ತಿದ್ದೀಯ, ಮನಃಶಾಸ್ತ್ರ ಓದಿ ವಾಕ್ಯ ಸಡಿಲ ಮಾಡ್ತಿದ್ದೀಯ ಅಂದ್ರು. ನಾನು ಒಪ್ಪಲ್ಲ. ತಪ್ಪನ್ನ ತಪ್ಪು ಅಂತ ಹೇಳ್ಲೇಬೇಕು, ನಾನು ಕೇಳ್ತಿರೋದು ಮುಖ ನೋಡಿ ಹೇಳಿ ಅಂತ. ರಾಜ ದಾವೀದನ ಪಾಪವನ್ನ ಪ್ರವಾದಿ ನಾತಾನ ಎದುರಿಗೆ ಹೋಗಿ ನಿಂತೇ ಹೇಳಿದ್ದು. ಹನ್ನೆರಡು ವರ್ಷದ ಯೇಸು ದೇವಾಲಯದಲ್ಲೇ ಉಳ್ಕೊಂಡಾಗ ಮೂರು ದಿನ ಹುಡುಕಿ ಸಾಕಾದ ಮರಿಯಳೂ ನೇರವಾಗಿ ಮಗನ್ನೇ ಕೇಳಿದ್ಲು, ಯಾಕಪ್ಪಾ ನಮಗೆ ಹೀಗೆ ಮಾಡಿದೆ ಅಂತ. ಮಗ ಉತ್ತರನೂ ಕೊಟ್ಟ, ಆ ಉತ್ತರ ಅವ್ರಿಗೆ ಅರ್ಥ ಆಗ್ಲಿಲ್ಲ ಅಂತ ಲೂಕ ಮುಚ್ಚುಮರೆ ಇಲ್ಲದೆ ಬರೆದಿದ್ದಾನೆ. ಎದುರಿಗೆ ಕೂತು ಹೇಳೋದೇ ಕಷ್ಟ ರೀ, ಮಗು ಎದುರು ಮಾತಾಡುತ್ತೆ, ಕೆಲವು ಸಲ ಅದು ಹೇಳೋದ್ರಲ್ಲಿ ನ್ಯಾಯ ಇರುತ್ತೆ, ನಾವು ಸೋಲ್ಬೇಕಾಗುತ್ತೆ. ಕಣ್ಣು ಮುಚ್ಕೊಂಡ್ರೆ ಆ ತೊಂದ್ರೆ ಇಲ್ಲ. ಸಡಿಲ ಯಾವುದು, ಬಿಗಿ ಯಾವುದು ನೀವೇ ಯೋಚ್ನೆ ಮಾಡಿ.

ಒಂದು ಎಚ್ಚರಿಕೆನೂ ಹೇಳ್ಬೇಕು. ಪ್ರಾರ್ಥನೆ ಹೊತ್ತಲ್ಲಿ ಮಗು ಹೆದರೋದಕ್ಕೆಲ್ಲ ಇದೇ ಕಾರಣ ಅಂದ್ಕೋಬೇಡಿ. ಮಗು ಒಬ್ಬ ವ್ಯಕ್ತಿ ಹತ್ರ ಇರೋಕೇ ನಡುಗ್ತಿದ್ರೆ, ಮೈಮೇಲೆ ಗಾಯ ಇದ್ರೆ, ಅದು ಕುಟುಂಬ ಪ್ರಾರ್ಥನೆ ಸರಿಮಾಡಿಕೊಳ್ಳೋ ವಿಷ್ಯ ಅಲ್ಲ, ಸಭೆಯೊಳಗೇ ಮುಚ್ಚಿಡೋ ವಿಷ್ಯವಂತೂ ಅಲ್ವೇ ಅಲ್ಲ, ಮಗುನ ಮೊದ್ಲು ಸುರಕ್ಷಿತವಾಗಿ ಇರಿಸಿ ಹೊರಗಿನ ಸಹಾಯ ತಗೊಳ್ಲೇಬೇಕು.

ಈ ಮನೇಲಿ ಏನಾಯ್ತು ಅಂದ್ರೆ, ಹೊಟ್ಟೆನೋವು ನಿಧಾನಕ್ಕೆ ಕಡಿಮೆ ಆಯ್ತು. ಹುಡುಗ ಏನೂ ದೊಡ್ಡ ಭಕ್ತ ಆಗ್ಲಿಲ್ಲ, ಈಗ್ಲೂ ಪ್ರಾರ್ಥನೆ ಮಧ್ಯೆ ತಂಗಿ ಕಾಲಿಗೆ ಕಚಗುಳಿ ಇಡ್ತಾನೆ. ತಂದೆ ನಡುನಡುವೆ ಹಳೇ ದಾರಿಗೆ ಜಾರ್ತಾರೆ, “ಇವನ ಹಠ...” ಅಂತ ಶುರು ಮಾಡಿ ಹೆಂಡ್ತಿ ಮೊಣಕೈಲಿ ತಿವಿದ ಮೇಲೆ ನಿಲ್ಲಿಸ್ತಾರಂತೆ.

ಆಮೇಲೊಂದು ಸಲ ತಂದೆ ಒಬ್ರೇ ಬಂದ್ರು. ಮಗ ಮೊದಲ ಸಲ ತಾನಾಗೇ ಜೋರಾಗಿ ಪ್ರಾರ್ಥಿಸಿದ್ದಾನೆ, ಏನಂತ ಅಂದ್ರೆ, “ದೇವರೇ, ಪಪ್ಪ ಇವತ್ತು ಆಟಕ್ಕೆ ಬರ್ತೀನಿ ಅಂತ ಹೇಳಿ ಫೋನ್ ನೋಡ್ತಾನೇ ಕೂತಿದ್ರು, ಅವ್ರನ್ನ ಸರಿ ಮಾಡಪ್ಪಾ, ಆಮೆನ್.” ಇದಕ್ಕೇನ್ ಮಾಡ್ಲಿ ಸಿಸ್ಟರ್ ಅಂತ ಕೇಳಿದ್ರು. ನಗು ತಡ್ಕೊಂಡು ಹೇಳ್ದೆ, ಕಲಿಸಿದ್ದು ನೀವೇ, ಈಗ ನಿಮಗಿರೋ ನಿಯಮನೇ ಅವನಿಗೂ ಹೇಳಿ, ಪಪ್ಪನ ಮೇಲೆ ಬೇಜಾರಿದ್ರೆ ಪ್ರಾರ್ಥನೆಗೆ ಮುಂಚೆ ಪಪ್ಪಂಗೇ ಹೇಳು ಅಂತ.

“ಅವನು ಮುಖಕ್ಕೆ ಹಂಗೆ ಹೇಳಿದ್ರೆ ನನಗೆ ಕೋಪ ಬರುತ್ತಲ್ಲ ಸಿಸ್ಟರ್.”

ಸರಿ ಹಾಗಾದ್ರೆ, ಮುಂದಿನ ವಾರ ಅದರ ಬಗ್ಗೆನೇ ಮಾತಾಡೋಣ ಬನ್ನಿ ಅಂದೆ.