ಕರೆಂಟ್ ಹೋದಾಗ ಮಾಯವಾದ ವೈಫೈ ಹೆಸರು

ಪ್ರಶ್ನೆ: ಮೈಸೂರಿನ ಅಗ್ರಹಾರದಲ್ಲಿರುವ ನಮ್ಮ ತೊಟ್ಟಿಮನೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತೇವೆ. ವೈಫೈ ಹರಡುವ ಮೂರು ಆಕ್ಸೆಸ್ ಪಾಯಿಂಟ್‌ಗಳಿದ್ದು, ಅವುಗಳ ವೈಫೈಯನ್ನು, ಕೇಬಲ್‌ಗಳನ್ನೆಲ್ಲ ಒಂದೆಡೆ ಸೇರಿಸುವ ಎಂಟು ಪೋರ್ಟ್‌ಗಳ ಸ್ವಿಚ್‌ನ ವೆಬ್ ಪುಟದಿಂದಲೇ ಹೊಂದಿಸಬಹುದು. ಅತಿಥಿಗಳಿಗಾಗಿ ವಿಲ್ಯಾನ್ 20 (ಅದೇ ತಂತಿಗಳ ಮೇಲೆ ಬೇರೆಯಾಗಿ ಓಡುವ ಒಂದು ಜಾಲ) ಸೃಷ್ಟಿಸಿ ಹೊಸ ವೈಫೈ ಹೆಸರನ್ನು ಅದಕ್ಕೆ ಜೋಡಿಸಿದೆ. ಮೊಬೈಲು ಪಾಸ್‌ವರ್ಡನ್ನು ಒಪ್ಪಿದರೂ ಐಪಿ ವಿಳಾಸ ಸಿಗದೆ ಅಲ್ಲಿಯೇ ನಿಲ್ಲುತ್ತದೆ. ಇದರ ಮೇಲೆ, ನಿನ್ನೆ ಕರೆಂಟ್ ಹೋಗಿ ಬಂದ ಮೇಲೆ ಆ ಹೆಸರೇ ಇಲ್ಲ! ‘ಅಗ್ರಹಾರ ತೊಟ್ಟಿಮನೆ’ ಎಂದು ಕನ್ನಡದಲ್ಲಿ ಹೆಸರು ಕೊಡಲು ಹೋದರೆ ಅದನ್ನೂ ತಿರಸ್ಕರಿಸುತ್ತದೆ. ಸ್ವಿಚ್ ಕೆಟ್ಟಿದೆಯೇ?

ಉತ್ತರ: ನೀವು ಹೇಳಿದ ಲಕ್ಷಣಗಳಲ್ಲಿ ಯಾವುದೂ ಸ್ವಿಚ್ ಕೆಟ್ಟಿರುವುದರ ಗುರುತಲ್ಲ. ಅನೇಕ ಸ್ವಿಚ್‌ಗಳಲ್ಲಿ ‘ಅಪ್ಲೈ’ ಒತ್ತಿದ ಕೂಡಲೇ ಬದಲಾವಣೆ ಜಾರಿಗೆ ಬರುತ್ತದೆಯಾದರೂ, ಅದು ಉಳಿಯುವುದು ಕರೆಂಟ್ ಇರುವಷ್ಟು ಹೊತ್ತು ಮಾತ್ರ. ಶಾಶ್ವತ ಮೆಮೊರಿಗೆ ಬರೆಸಲು ‘ಸೇವ್ ಕಾನ್ಫಿಗರೇಶನ್’ ಎಂಬ ಬೇರೆಯೇ ಗುಂಡಿಯಿರುತ್ತದೆ. ಅದು ಪುಟದ ಮೇಲ್ತುದಿಯಲ್ಲೋ ‘ಮೇಂಟೆನೆನ್ಸ್’ ವಿಭಾಗದಲ್ಲೋ ಅಡಗಿ ಕುಳಿತಿರುತ್ತದೆ. ಇದು ತೊಂದರೆಯಂತೆ ಕಂಡರೂ ನನ್ನ ಮಟ್ಟಿಗೆ ಒಂದು ಅನುಕೂಲವೇ: ತಪ್ಪು ಪೋರ್ಟ್ ಬದಲಿಸಿ ವೆಬ್ ಪುಟವೇ ತೆರೆಯದಂತಾದರೆ, ಸ್ವಿಚ್‌ನ ಪ್ಲಗ್ ಕಿತ್ತು ಮತ್ತೆ ಹಾಕಿದರೆ ಹಳೆಯ ಸ್ಥಿತಿ ಮರಳುತ್ತದೆ. ಆದ್ದರಿಂದ ಎಲ್ಲವೂ ಕೆಲಸ ಮಾಡುವುದನ್ನು ಕಣ್ಣಾರೆ ಕಂಡ ಮೇಲೆಯೇ ಸೇವ್ ಮಾಡಿ.

ಇನ್ನು ಐಪಿ ವಿಳಾಸದ ವಿಷಯ. ಪಾಸ್‌ವರ್ಡ್ ಪರಿಶೀಲನೆ ಮುಗಿದಿದೆಯೆಂದರೆ ರೇಡಿಯೊ ಭಾಗದಲ್ಲಿ ಹುಡುಕುವುದೇನೂ ಇಲ್ಲ. ಮೊಬೈಲಿನ ‘ನನಗೊಂದು ವಿಳಾಸ ಕೊಡಿ’ ಎಂಬ ಕೋರಿಕೆ ತಂತಿಯ ದಾರಿಯಲ್ಲಿ ಎಲ್ಲೋ ಕಳೆದುಹೋಗುತ್ತಿದೆ. ವೈಫೈ ಪುಟದಲ್ಲಿ ಹೆಸರನ್ನು ವಿಲ್ಯಾನ್ 20ಕ್ಕೆ ಜೋಡಿಸಿದ ಮಾತ್ರಕ್ಕೆ ಸ್ವಿಚ್‌ನ ಪೋರ್ಟ್‌ಗಳು ಅದನ್ನು ಒಪ್ಪಿಕೊಂಡಂತಾಗುವುದಿಲ್ಲ. ಯಾವ ಪೋರ್ಟ್ ಯಾವ ವಿಲ್ಯಾನನ್ನು ಒಪ್ಪುತ್ತದೆಂಬ ಪಟ್ಟಿ ವಿಲ್ಯಾನ್ ಪುಟದಲ್ಲಿ ಪ್ರತ್ಯೇಕವಾಗಿಯೇ ಇರುತ್ತದೆ. ಆಕ್ಸೆಸ್ ಪಾಯಿಂಟ್‌ಗಳು ಅತಿಥಿಗಳ ಮಾಹಿತಿಯನ್ನು ನೇರವಾಗಿ ತಮ್ಮ ಪೋರ್ಟಿಗೆ ಇಳಿಸುವ ವ್ಯವಸ್ಥೆಯಾಗಿದ್ದರೆ, ಆ ಮೂರು ಪೋರ್ಟ್‌ಗಳಲ್ಲಿಯೂ ರೌಟರಿಗೆ ಹೋಗುವ ಪೋರ್ಟಿನಲ್ಲಿಯೂ 20 ‘ಟ್ಯಾಗ್ಡ್’ (ಮಾಹಿತಿಯ ಮೇಲೆ ವಿಲ್ಯಾನ್ ಸಂಖ್ಯೆಯ ಚೀಟಿ ಅಂಟಿರುವುದು) ಎಂದಿರಬೇಕು. ಎಲ್ಲವನ್ನೂ ಮೊದಲು ಸ್ವಿಚ್‌ನೊಳಗಿನ ಕಂಟ್ರೋಲರಿಗೆ (ಆಕ್ಸೆಸ್ ಪಾಯಿಂಟ್‌ಗಳನ್ನು ನಿಯಂತ್ರಿಸುವ ಭಾಗ) ಸುರಂಗದ ಮೂಲಕ ಕಳುಹಿಸುವ ವ್ಯವಸ್ಥೆಯಾಗಿದ್ದರೆ ರೌಟರಿನ ಕಡೆಯ ಪೋರ್ಟ್ ಸರಿಯಿದ್ದರೆ ಸಾಕು. ಎರಡರಲ್ಲಿಯೂ ವಿಲ್ಯಾನ್ 1ನ್ನು ಮಾತ್ರ ‘ಅನ್‌ಟ್ಯಾಗ್ಡ್’ (ಚೀಟಿಯಿಲ್ಲದ್ದು) ಆಗಿ ಇದ್ದಂತೆಯೇ ಬಿಡಿ, ಏಕೆಂದರೆ ಸಾಮಾನ್ಯವಾಗಿ ಸ್ವಿಚ್ ಆಕ್ಸೆಸ್ ಪಾಯಿಂಟ್‌ಗಳೊಡನೆ ಮಾತಾಡುವುದು ಅದರ ಮೇಲೆಯೇ.

ತಪ್ಪು ಎಲ್ಲಿದೆಯೆಂದು ಹತ್ತು ನಿಮಿಷದಲ್ಲಿ ತಿಳಿಯುವ ಉಪಾಯವೊಂದಿದೆ. ಖಾಲಿ ಇರುವ ಒಂದು ಪೋರ್ಟನ್ನು, ಉದಾಹರಣೆಗೆ 7ನೆಯದನ್ನು, ವಿಲ್ಯಾನ್ 20ರಲ್ಲಿ ‘ಅನ್‌ಟ್ಯಾಗ್ಡ್’ ಮಾಡಿ, ಅದರ ಪಿವಿಐಡಿಯನ್ನೂ (ಚೀಟಿಯಿಲ್ಲದೆ ಒಳಬರುವ ಮಾಹಿತಿ ಯಾವ ವಿಲ್ಯಾನಿಗೆ ಸೇರಬೇಕೆಂಬ ಸಂಖ್ಯೆ) 20 ಎಂದು ಬದಲಿಸಿ, ವೈಫೈ ಆರಿಸಿದ ಲ್ಯಾಪ್‌ಟಾಪನ್ನು ಕೇಬಲ್‌ನಿಂದ ಅಲ್ಲಿಗೆ ಸಿಕ್ಕಿಸಿ. ಪಿವಿಐಡಿ ಮರೆತರೆ ಲ್ಯಾಪ್‌ಟಾಪಿನಿಂದ ಹೊರಟ ಮಾಹಿತಿ ಹಳೆಯ ವಿಲ್ಯಾನಿಗೇ ಸೇರಿಹೋಗುತ್ತದೆ. ಅನುಭವಿಗಳೂ ಎಡವುವ ಜಾಗವಿದು. ಲ್ಯಾಪ್‌ಟಾಪಿಗೆ 169.254 ಎಂದು ಆರಂಭವಾಗುವ ವಿಳಾಸ ಬಂದರೆ, ಯಾರೂ ವಿಳಾಸ ಕೊಡದೆ ಅದು ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಆಗ ದೋಷ ರೌಟರಿನ ಕಡೆಯದು. ಅತ್ತ ಹೋಗುವ ಪೋರ್ಟಿನ ಟ್ಯಾಗ್ ಸರಿಯಿದ್ದರೆ ರೌಟರನ್ನೇ ನೋಡಿ: ಇಂಟರ್ನೆಟ್ ಕೊಡುವವರು ಜೊತೆಗೆ ಕೊಡುವ ಎಷ್ಟೋ ಸಣ್ಣ ರೌಟರ್‌ಗಳಿಗೆ ಒಳಗಿನ ವಿಲ್ಯಾನ್‌ಗಳನ್ನು ಬೇರೆ ಬೇರೆಯಾಗಿ ನಿಭಾಯಿಸಲು ಬರುವುದಿಲ್ಲ. ಸ್ವಿಚ್‌ಗೆ ಡಿಎಚ್‌ಸಿಪಿ (ವಿಳಾಸ ಹಂಚುವುದು) ಮತ್ತು ರೌಟಿಂಗ್ (ಜಾಲಗಳ ನಡುವೆ ಮಾಹಿತಿ ದಾಟಿಸುವುದು) ಸೌಲಭ್ಯಗಳಿದ್ದರೆ ಅದನ್ನೇ ಬಳಸಬಹುದು. ಇಲ್ಲವಾದರೆ ವಿಲ್ಯಾನ್ ಬಲ್ಲ ರೌಟರ್ ಕೊಳ್ಳುವುದೇ ಲೇಸು. ಬದಲಾಗಿ ಕೇಬಲ್‌ನಲ್ಲಿ ಸರಿಯಾದ ವಿಳಾಸ ಬಂದು ವೈಫೈಯಲ್ಲಿ ಮಾತ್ರ ಬರದಿದ್ದರೆ, ಆಕ್ಸೆಸ್ ಪಾಯಿಂಟ್‌ಗಳ ಪೋರ್ಟಿನಲ್ಲಿ ಟ್ಯಾಗ್ ಬಿಟ್ಟುಹೋಗಿದೆಯೇ ಎಂಬುದನ್ನು ಮೊದಲು ನೋಡಿ.

ನೀವು ಕೇಳದ ಒಂದು ಮಾತು: ಅತಿಥಿಗಳಿಗೆ ಬೇರೆ ವಿಲ್ಯಾನ್ ಕೊಟ್ಟರೂ, ರೌಟರ್ ಎರಡರ ನಡುವೆ ದಾರಿ ಬಿಟ್ಟಿದ್ದರೆ ನಿಮ್ಮ ಕಚೇರಿಯ ಪ್ರಿಂಟರ್ ಅವರಿಗೆ ಸಿಕ್ಕೀತು. ಆ ದಾರಿಯನ್ನು ಫೈರ್‌ವಾಲ್ ನಿಯಮದಿಂದ ಮುಚ್ಚಬೇಕು.

ಹೆಸರಿನ ಪ್ರಶ್ನೆ ನನಗೆ ಇಷ್ಟವಾಯಿತು. ವೈಫೈ ಹೆಸರು 32 ಬೈಟ್‌ಗಳನ್ನು ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು, ಮತ್ತು ‘ಟ್ಟಿ’ ಎಂಬ ಒಂದೇ ಅಕ್ಷರದಲ್ಲಿ ಟ, ಹಲಂತ ಚಿಹ್ನೆ (್), ಇನ್ನೊಂದು ಟ, ಗುಡಿಸು ಎಂದು ನಾಲ್ಕು ಸಂಕೇತಗಳಿವೆ. ಹೀಗೆ ಎಣಿಸಿದರೆ ‘ಅಗ್ರಹಾರ ತೊಟ್ಟಿಮನೆ’ 49 ಬೈಟ್ ಆಗುತ್ತದೆ. ಬರೀ ‘ತೊಟ್ಟಿಮನೆ’ ಎಂದರೆ 27. ನಿಮ್ಮ ಸ್ವಿಚ್‌ನ ಪುಟ ಕನ್ನಡ ಲಿಪಿಯನ್ನು ಸ್ವೀಕರಿಸುವುದಾದರೆ ಅಷ್ಟು ಹಿಡಿಸುತ್ತದೆ.